ಹಳೆಯ ಕಡಲತೀರದ ರೆಸಾರ್ಟಿನಲ್ಲಿ ತಂಗಬಹುದೇ?

ಪ್ರಶ್ನೆ: ಸಮುದ್ರದ ದಡದಲ್ಲೇ ಇರುವ ಬಹಳ ಹಳೆಯ ರೆಸಾರ್ಟೊಂದರಲ್ಲಿ ವಯಸ್ಸಾದ ತಂದೆತಾಯಿಯರೊಂದಿಗೆ ನಾಲ್ಕು ದಿನ ಉಳಿಯುವ ಯೋಚನೆಯಿದೆ. ಅಲ್ಲಿ ತಂಗಿದ್ದವರಲ್ಲಿ ಕೆಲವರು ಸಿಬ್ಬಂದಿಯ ಆದರವನ್ನು ಮನಸಾರೆ ಹೊಗಳಿದರೆ, ಇನ್ನು ಕೆಲವರು ಮುಗ್ಗಲು ವಾಸನೆಯನ್ನೂ ತುಕ್ಕು ಹಿಡಿದ ನಲ್ಲಿಗಳನ್ನೂ ದೂರಿದ್ದಾರೆ. ಯಾರ ಮಾತನ್ನು ನಂಬಲಿ?

ಉತ್ತರ 1: ಇಬ್ಬರ ಮಾತೂ ನಿಜವಿರಬಹುದು. ಅಂಥದೇ ಒಂದು ಹೋಟೆಲಿನಲ್ಲಿ ನಮಗೆ ಸಿಕ್ಕಿದ್ದ ಕಡಲೆದುರಿನ ಕೋಣೆಯಲ್ಲಿ, ಬಾಲ್ಕನಿಯ ಚಿಲಕ ಉಪ್ಪುಗಾಳಿಗೆ ಕಚ್ಚಿಕೊಂಡು ರಾತ್ರಿಯಿಡೀ ಬಾಗಿಲು ಬಡಿದುಕೊಳ್ಳುತ್ತಿತ್ತು. ಹಾಸಿಗೆಯ ಹೊದಿಕೆಯೂ ಮುಟ್ಟಿದರೆ ತೇವವೆನಿಸುತ್ತಿತ್ತು. ಬೆಳಿಗ್ಗೆ ಕೇಳಿಕೊಂಡ ಕೂಡಲೇ ತೋಟದ ಕಡೆಯ ಕೋಣೆ ಕೊಟ್ಟರು, ಅಲ್ಲಿ ಈ ತೊಂದರೆ ಯಾವುದೂ ಇರಲಿಲ್ಲ.

ಉತ್ತರ 2: ಕಟ್ಟಡ ದುರಸ್ತಿಯ ಕೆಲಸದಲ್ಲಿರುವ ನನಗೆ ನಲ್ಲಿಯ ತುಕ್ಕಿಗಿಂತ ಬಾಲ್ಕನಿಯದೇ ಹೆಚ್ಚಿನ ಚಿಂತೆ. ಗಾಳಿಯಲ್ಲಿ ಬರುವ ಉಪ್ಪಿನ ಕ್ಲೋರೈಡ್ ಕಾಂಕ್ರೀಟಿನೊಳಕ್ಕೆ ಇಳಿದು ಕಬ್ಬಿಣದ ಸರಳುಗಳನ್ನು ತಲುಪಿದಾಗ ಅವು ತುಕ್ಕು ಹಿಡಿಯುತ್ತವೆ. ತುಕ್ಕು ಮೂಲ ಲೋಹಕ್ಕಿಂತ ಹಲವು ಪಟ್ಟು ಜಾಗ ಬೇಡುವುದರಿಂದ ಒಳಗಿನಿಂದಲೇ ಕಾಂಕ್ರೀಟು ಬಿರಿದು ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಮೇಲಿನ ಬಾಲ್ಕನಿಯ ತಳಭಾಗದಲ್ಲಿ ಕಂದು ಕಲೆಯೋ ಉದ್ದನೆಯ ಬಿರುಕೋ ಕಂಡರೆ, ಅಥವಾ ಬಾಲ್ಕನಿಯ ಅಂಚಿನ ತಡೆಗಂಬಿಯನ್ನು ಮೆಲ್ಲಗೆ ಅಲುಗಿಸಿದಾಗ ಬುಡ ಸಡಿಲವೆನಿಸಿದರೆ, ದಯವಿಟ್ಟು ಅಲ್ಲಿ ಹಿರಿಯರನ್ನು ಕೂರಿಸಬೇಡಿ. ಹೊಸ ಬಣ್ಣ ಬಳಿದ ಮಾತ್ರಕ್ಕೆ ದುರಸ್ತಿಯಾಗಿದೆ ಎಂದುಕೊಳ್ಳಲಾಗದು.

ಉತ್ತರ 3: ಲಿಫ್ಟ್ ನಡೆಯುತ್ತಿದೆಯೇ ಎಂದು ಮೊದಲೇ ಫೋನಿನಲ್ಲಿ ಕೇಳಿ, ಇಲ್ಲವಾದರೆ ನೆಲಮಹಡಿಯ ಕೋಣೆಯನ್ನೇ ಕಾಯ್ದಿರಿಸಿ.