ಹಳೇ ಗಿರಾಕಿ ಹತ್ತಿರ ಆಲ್ಟರೇಷನ್ ದುಡ್ಡು ಕೇಳುವುದು ಹೇಗೆ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ತುಮಕೂರಿನಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಆರು ವರ್ಷ ಆಯಿತು. ಹೊಲಿಗೆ ಬರುತ್ತದೆ, ದುಡ್ಡಿನ ಮಾತು ಬರುವುದಿಲ್ಲ.

ಲೈನಿಂಗ್ ಬ್ಲೌಸ್‌ಗೆ 450 ರೂಪಾಯಿ. ವರಮಹಾಲಕ್ಷ್ಮಿ ಹಬ್ಬಕ್ಕೆ ಹೊಲಿಸಿಕೊಂಡವರು ದೀಪಾವಳಿ ಹೊತ್ತಿಗೆ ಬಂದು "ತೋಳು ಬಿಗಿ ಆಗ್ತಿದೆ, ಅಳತೆ ತಪ್ಪಿದ್ದೀರ" ಎನ್ನುತ್ತಾರೆ. ಅಳತೆ ಬ್ಲೌಸ್ ಕೊಟ್ಟಿದ್ದು ಅವರೇ! ನಿಮಗೇ ಮೈ ಬಂದಿದೆ ಅಕ್ಕ ಎಂದು ಬಾಯಿಬಿಟ್ಟು ಹೇಳಲು ಆಗುತ್ತಾ?

ಒಂದೆರಡು ಸಲ ನನ್ನದೇ ತಪ್ಪಿತ್ತು. ಕಾಟನ್ ಲೈನಿಂಗ್ ನೆನೆಸದೆ ಹೊಲಿದಿದ್ದೆ, ಒಗೆದ ಮೇಲೆ ಕುಗ್ಗಿತು. ಈಗ ಮೊದಲೇ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿಯೇ ಕತ್ತರಿಸುತ್ತೇನೆ. ಪಕ್ಕದ ಹೊಲಿಗೆಯಲ್ಲಿ ಒಂದಿಂಚು ಬಟ್ಟೆಯನ್ನೂ ಬಿಡುತ್ತೇನೆ. ಕೊಡುವಾಗ "ಇಲ್ಲೇ ಹಾಕಿ ನೋಡಿ" ಎಂದರೆ ಅರ್ಜೆಂಟ್ ಎಂದು ಓಡುತ್ತಾರೆ.

"15 ದಿನದ ನಂತರ ಆಲ್ಟರೇಷನ್‌ಗೆ 50 ರೂಪಾಯಿ" ಎಂದು ಗೋಡೆಗೆ ಚೀಟಿ ಅಂಟಿಸಿದೆ. ಯಾರೂ ಓದುವುದಿಲ್ಲ. ಒಬ್ಬರಿಗೆ ಬಾಯಲ್ಲೇ ಹೇಳಿದೆ. "ಇಷ್ಟು ವರ್ಷದಿಂದ ಬರ್ತಿದ್ದೀನಿ, ನನಗೂ ಹೀಗಾ?" ಎಂದು ಮುನಿಸಿಕೊಂಡು ಹೋದರು. ಅವರ ಇಬ್ಬರು ನಾದಿನಿಯರೂ ಬರುವುದು ನಿಲ್ಲಿಸಿದರು. ಹಾಗಂತ ಸುಮ್ನೆ ಮಾಡಿಕೊಟ್ಟರೆ ಒಂದಕ್ಕೆ ಅರ್ಧ ಗಂಟೆ ಹೋಗುತ್ತದೆ. ಲೈನಿಂಗ್ ಬಿಚ್ಚಬೇಕಲ್ವಾ.

ಟೈಲರಿಂಗ್ ಮಾಡುವವರು ದಯವಿಟ್ಟು ಹೇಳಿ. ನೀವು ಎಷ್ಟು ದಿನದವರೆಗೆ ಫ್ರೀ ಮಾಡಿಕೊಡುತ್ತೀರಿ? ಆಮೇಲೆ ಬಂದರೆ ಬೇಜಾರಾಗದ ಹಾಗೆ ದುಡ್ಡು ಕೇಳಲು ಯಾವ ಮಾತು ಬಳಸುತ್ತೀರಿ? ಬಟ್ಟೆ ತೆಗೆದುಕೊಳ್ಳುವಾಗ ಕೊಡುವ ಚೀಟಿಯಲ್ಲೇ ಬರೆದರೆ ಜಗಳ ಕಡಿಮೆ ಆಗುತ್ತಾ?