ಟಾರ್ ಪುಟದ ‘ಗಂಟು’: ಬಿಚ್ಚು, ಬಿಚ್ಚಿ, ಬಿಚ್ಚಲು – ಯಾವುದು ಸರಿ?

ಎಲ್ಲರಿಗೂ ನಮಸ್ಕಾರ.

ಕಂಪ್ಯೂಟರಿಗೆ ಆದೇಶ ಟೈಪ್ ಮಾಡುವ ಟರ್ಮಿನಲ್ ಕಿಟಕಿಯಲ್ಲೇ ತೆರೆದು ಓದುವ, ಆ ಆದೇಶಗಳ ಬಳಕೆ ತೋರಿಸುವ ಟಿಎಲ್‌ಡಿಆರ್ ಸಹಾಯಪುಟಗಳಲ್ಲಿ ಕೆಲವನ್ನು ನಮ್ಮ ಲ್ಯಾಬಿನ ವಿದ್ಯಾರ್ಥಿಗಳಿಗಾಗಿ ಕನ್ನಡಕ್ಕೆ ತರುತ್ತಿದ್ದೇನೆ. ಪುಟಗಳನ್ನು ಒಮ್ಮೆ ಇಳಿಸಿಕೊಂಡರೆ ಸಾಕು, ಆಮೇಲೆ ನೆಟ್ ಇಲ್ಲದಿದ್ದರೂ ಓದಬಹುದು. 1971ರಿಂದ ಇರುವ, ಯುನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ‘ಮ್ಯಾನ್’ (ಮ್ಯಾನ್ಯುಯಲ್) ಪುಟಗಳನ್ನು ‘ಕೈಪಿಡಿ ಪುಟ’ ಎನ್ನಲು ನನಗೆ ಅನುಮಾನವಿಲ್ಲ. ಮ್ಯಾನ್ಯುಯಲ್ ಪದದ ಲ್ಯಾಟಿನ್ ಬೇರಿನಲ್ಲಿ ಕೈ ಇದೆ, ಕೈಪಿಡಿಯಲ್ಲೂ ಇದೆ. ಟಿಎಲ್‌ಡಿಆರ್‌ನಲ್ಲಿ ವಿವರಣೆ ಕಡಿಮೆ. ಎಂಟು ಮೀರದಷ್ಟು ಉದಾಹರಣೆಗಳು, ಪ್ರತಿಯೊಂದರ ಮೇಲೂ ಒಂದೇ ಸಾಲಿನ ತಲೆಬರಹ. ಆ ಸಾಲಿನಲ್ಲೇ ನಾನು ಸಿಕ್ಕಿಕೊಂಡಿರುವುದು.

ಹಲವು ಕಡತಗಳನ್ನು ಒಂದಾಗಿ ಕಟ್ಟುವ ‘ಟಾರ್’ ಆದೇಶದ ಪುಟವನ್ನೇ ನೋಡಿ. ಹೆಸರು ಹುಟ್ಟಿದ್ದು ‘ಟೇಪ್ ಆರ್ಕೈವ್’ನಿಂದ. ಆರ್ಕೈವ್‌ಗೆ ನಿಘಂಟಿನ ‘ಪತ್ರಾಗಾರ’ ಇಲ್ಲಿ ಹೊಂದುವುದಿಲ್ಲ, ಅದು ಕಟ್ಟಡದ ಹೆಸರು. ‘ಸಂಕುಚಿತ ಕಡತ’ ಎಂದರೆ ತಪ್ಪೇ ಆಗುತ್ತದೆ. ಟಾರ್ ತಾನಾಗಿ ಏನನ್ನೂ ಕುಗ್ಗಿಸುವುದಿಲ್ಲ, ಹಲವು ಕಡತಗಳನ್ನು ಒಟ್ಟಿಗೆ ಕಟ್ಟಿಡುತ್ತದೆ ಅಷ್ಟೆ. ಕುಗ್ಗಿಸುವುದು ಜಿಜಿಪ್‌ನಂಥ ಬೇರೆ ಸಾಧನದ ಕೆಲಸ. ಮೊದಲು ‘ಸಂಗ್ರಹಿತ ಕಡತವನ್ನು ಹೊರತೆಗೆಯಿರಿ’ ಎಂದು ಬರೆದಿದ್ದೆ. ಓದಿದ ಹುಡುಗಿಯೊಬ್ಬಳು, “ಸರ್, ಎಲ್ಲಿಂದ ಹೊರಗೆ?” ಎಂದಳು. ಅವಳ ಪ್ರಶ್ನೆ ಸರಿಯಾಗಿಯೇ ಇತ್ತು. ಈಗ ‘ಗಂಟು’ ಎಂದು ಬರೆದಿದ್ದೇನೆ. ಬಟ್ಟೆಗಂಟಿನೊಳಗೆ ಪ್ರತಿ ಬಟ್ಟೆಯೂ ಬೇರೆಬೇರೆಯಾಗಿಯೇ ಇರುತ್ತದಲ್ಲ, ಟಾರ್ ಕೂಡ ಹಾಗೆಯೇ. ಗಂಟು ಕಟ್ಟು, ಗಂಟು ಬಿಚ್ಚು, ಬಿಚ್ಚದೆ ಒಳಗೇನಿದೆ ನೋಡು – ಮೂರೂ ಕೆಲಸಕ್ಕೆ ಮಾತು ಸಿದ್ಧವಾಗಿದೆ.

ಇನ್ನು ಕ್ರಿಯಾಪದ. ಮೂಲ ಟಿಎಲ್‌ಡಿಆರ್‌ನ ನಿಯಮದಂತೆ ತಲೆಬರಹ ವಿಧ್ಯರ್ಥದಲ್ಲಿ, ಅಂದರೆ ಅಪ್ಪಣೆಯ ರೂಪದಲ್ಲಿ, ಇರಬೇಕು. ‘ಬಿಚ್ಚು’ ಎಂದರೆ ಓದುಗರನ್ನು ಏಕವಚನದಲ್ಲಿ ಕರೆದಂತಾಗುತ್ತದೆ ಎಂದು ಸಹೋದ್ಯೋಗಿಯೊಬ್ಬರ ಆಕ್ಷೇಪ. ಆದರೆ ನಿಘಂಟಿನಲ್ಲಿ ಧಾತು ನಿಲ್ಲುವುದೂ ‘ಬಿಚ್ಚು’ ಎಂದೇ. ಮೇಲಾಗಿ ಇಲ್ಲಿ ಅಪ್ಪಣೆ ಹೋಗುವುದು ಯಂತ್ರಕ್ಕೆ. ‘ಬಿಚ್ಚಿ’ ಎಂದರೆ ಮರ್ಯಾದೆ ಉಳಿಯುತ್ತದೆ, ಅರ್ಥ ಜಾರುತ್ತದೆ. ‘ಗಂಟನ್ನು ಈ ಫೋಲ್ಡರಿನಲ್ಲಿ ಬಿಚ್ಚಿ:’ ಎಂದು ಓದಿದ ಕಣ್ಣು ‘ಬಿಚ್ಚಿ, ಆಮೇಲೆ?’ ಎಂದು ಮುಂದಿನ ಕ್ರಿಯಾಪದಕ್ಕೆ ಕಾಯುತ್ತದೆ, ಏಕೆಂದರೆ ಭೂತಕೃದಂತದ ರೂಪವೂ ಅದೇ. ‘ಬಿಚ್ಚಿರಿ’ ಎಂದರೆ ಆ ಗೊಂದಲವಿಲ್ಲ, ಆದರೆ ಪುಟವಿಡೀ ‘ಇರಿ’ ಬಂದು ಸರ್ಕಾರಿ ಸುತ್ತೋಲೆಯಂತೆ ಕೇಳಿಸುತ್ತದೆ.

ನನ್ನ ಮನಸ್ಸು ‘ಬಿಚ್ಚಲು:’ ಕಡೆಗಿದೆ. ‘ಗಂಟನ್ನು ಈ ಫೋಲ್ಡರಿನಲ್ಲಿ ಬಿಚ್ಚಲು:’ ಎಂದು ಓದಿ ಕೆಳಗಿನ ಆದೇಶಕ್ಕೆ ಕಣ್ಣು ಹಾಯಿಸಿದರೆ ವಾಕ್ಯ ತಾನಾಗಿ ಪೂರ್ತಿಯಾಗುತ್ತದೆ. ಗಂಟು ಬಿಚ್ಚಬೇಕೆಂದೇ ಪುಟ ತೆರೆದವರಿಗೆ ಬೇಕಾದ ರೂಪವೂ ಇದೇ. ನಿಯಮದ ಅಕ್ಷರ ಮುರಿದರೂ ಉದ್ದೇಶ ಉಳಿಯುತ್ತದೆ ಎಂದು ನನ್ನ ನಂಬಿಕೆ.

ಎರಡು ಪ್ರಶ್ನೆಗಳು. ‘ಅಲು’ ರೂಪ ನಿಮ್ಮ ಕಿವಿಗೆ ಸಹಜವೇ, ಅರ್ಧಕ್ಕೆ ನಿಂತಂತೆ ಕೇಳಿಸುತ್ತದೆಯೇ? ಮತ್ತೆ, ಬುತ್ತಿಗಂಟು ಎನ್ನುವ ಕಡೆ ‘ಗಂಟು’ ಎಂದರೆ ಮೊದಲು ಹೊಳೆಯುವುದು ಕಟ್ಟಿದ ವಸ್ತುವೋ, ಹಗ್ಗದ ಗಂಟೋ? ಕರಾವಳಿಯವರೂ ಹೇಳಿ. ಹಗ್ಗದ್ದೇ ಮೊದಲು ಹೊಳೆಯುವುದಾದರೆ ‘ಮೂಟೆ’ಗೆ ಬದಲಿಸುತ್ತೇನೆ.