ಕುಂತಿಬೆಟ್ಟ ಹತ್ತಿ ಸಂಜೆ ಗಾಳ ಹಾಕೋಕೆ: ಬ್ಯಾಗಿನ ಭಾರ ಇಳಿಸೋದು ಹೇಗೆ?

ಬೆಟ್ಟದ ದಾರಿ:
ಮೈಸೂರಿಂದ ಬಸ್ಸಲ್ಲಿ ಪಾಂಡವಪುರ, ಬೆಳಿಗ್ಗೆ ಕುಂತಿಬೆಟ್ಟ, ಸಂಜೆ ತೊಣ್ಣೂರು ಕೆರೆ. ಒಂದೇ ದಿನ, ಟೆಂಟ್ ಇಲ್ಲ. ಈಗಿರೋದು ಎರಡು ತುಂಡಿನ 6 ಅಡಿ ಗಾಳದ ರಾಡು, ದೊಡ್ಡ ಡಬ್ಬಿ ತುಂಬ ಸಾಮಾನು, 40 ಲೀಟರ್ ಬ್ಯಾಗು. ಬಸ್ಸಲ್ಲೂ ಅಡ್ಡ, ಬಂಡೆ ಮೇಲೂ ಅಡ್ಡ. ಮಡಚೋ ರಾಡು ತಗೊಳ್ಳೋದಾ, ರಾಡಿಲ್ಲದೆ ಕೈಯಲ್ಲೇ ದಾರ ಬಿಡೋ ಕೈಗಾಳ ಸಾಕಾ?

ಕೆರೆ ಏರಿ:
ಮೊದಲು ಕೆರೆ ಮೀನು ಗುತ್ತಿಗೆ ಯಾರದು ಅಂತ ಊರಲ್ಲಿ ವಿಚಾರಿಸಿ, ಕೇಳಿ ಕೂತ್ಕೊಳ್ಳಿ. ರಂಗನತಿಟ್ಟು, ಮುತ್ತತ್ತಿ ಕಡೆ ಮಾತ್ರ ಯೋಚನೇನೇ ಬೇಡ, ಎರಡೂ ವನ್ಯಜೀವಿ ಪ್ರದೇಶ, ಗಾಳ ಹಾಕೋ ಹಾಗಿಲ್ಲ.

ರಾಡು ಟೆಲಿಸ್ಕೋಪಿಕ್ (ಕೊಳವೆಗಳು ಒಂದರೊಳಗೊಂದು ಜಾರಿ ಕೂರೋದು) ಇರಲಿ. ಬಿಚ್ಚಿದ್ರೆ 2.1 ಮೀಟರ್, ಮಡಚಿದ್ರೆ ಅರ್ಧ ಮೀಟರ್ ಆಸುಪಾಸು. ಬಿಚ್ಚುವಾಗ ತುದಿಯಿಂದ ಶುರು ಮಾಡಿ, ದಾರ ಹಾಯೋ ಉಂಗುರಗಳನ್ನ ಒಂದೇ ಗೆರೆಗೆ ತನ್ನಿ. ಮಡಚುವಾಗ ಬುಡದಿಂದ. ಜೋರಾಗಿ ಎಳೆದು ಬಿಗಿ ಮಾಡಿದ್ರೆ, ಇಲ್ಲ ಕೀಲಿಗೆ ಮರಳು ಹೊಕ್ಕರೆ, ಕಚ್ಕೊಂಡುಬಿಡುತ್ತೆ. ಆಗ ಕೀಲಿನ ಎರಡೂ ಕಡೆ ಹಳೇ ಸೈಕಲ್ ಟ್ಯೂಬ್ ತುಂಡು ಸುತ್ತಿ, ನೆಟ್ಟಗೆ ಹಿಡಿದು ತಿರುಚಿ. ಬಗ್ಗಿಸಿದ್ರೆ ಕೊಳವೆ ಸೀಳುತ್ತೆ. ಮನೆಗೆ ಬಂದಮೇಲೆ ಬುಡದ ಮುಚ್ಚಳ ಬಿಚ್ಚಿ ನೀರು ಹಾಯಿಸಿ ಒಣಗಿಸಿ.

ರಾಡನ್ನ ಬ್ಯಾಗಿನ ಹೊರಗೆ ಕಟ್ಟಬೇಡಿ. ಲಂಟಾನ ಪೊದೆಗೆ ಸಿಕ್ಕಿ ಮೊದಲು ಮುರಿಯೋದು ತುದಿಯ ಉಂಗುರವೇ.

ಹಿಂಡಿ ಪುಡಿ:
ಜಿಲೇಬಿ ಮೀನಿಗೆ (ತಿಲಾಪಿಯಾ) ರಾಡು ಯಾಕೆ ಗುರು? ಅರ್ಧ ಲೀಟರ್ ನೀರಿನ ಬಾಟಲಿ ಸಾಕು. ಅದಕ್ಕೆ 0.25 ಮಿ.ಮೀ. ನೈಲಾನ್ ದಾರ 25 ಮೀಟರ್ ಸುತ್ತಿ, ಒಳತುದಿಯನ್ನ ಬಾಟಲಿಗೇ ಗಂಟು ಹಾಕಿ. ಮರೆತ್ರೆ ಮೊದಲ ಎಸೆತಕ್ಕೇ ದಾರ ಪೂರ್ತಿ ಕೆರೆಗೆ. ಗಾಳಕ್ಕಿಂತ ಒಂದು ಗೇಣು ಮೇಲೆ 10 ಗ್ರಾಂ ಸೀಸ. ಎಸೆಯುವಾಗ ಬಾಟಲಿ ಬಾಯಿ ನೀರಿನ ಕಡೆಗೆ ಇರಬೇಕು, ಆಗ ಸುತ್ತು ತಾನಾಗೇ ಬಿಚ್ಕೊಂಡು ಹೋಗುತ್ತೆ. ಅಡ್ಡ ಹಿಡಿದ್ರೆ ದಾರ ತಡೆದು ಕಾಲ ಬುಡದಲ್ಲೇ ಬೀಳುತ್ತೆ.

ಗಾಳ 8 ಅಥವಾ 10ನೇ ನಂಬರು (ನಂಬರು ಜಾಸ್ತಿ ಆದಷ್ಟು ಗಾಳ ಚಿಕ್ಕದು). ಆರು ಗಾಳ, ನಾಲ್ಕು ಸೀಸ, ಎರಡು ತೇಲೋ ಬೆಂಡು, ಎಲ್ಲಾ ಒಂದು ಮಾತ್ರೆ ಡಬ್ಬಿಯಲ್ಲಿ ಕೂರುತ್ವೆ. ನುಂಗಿದ ಗಾಳ ಬಿಡಿಸೋಕೆ ಮೆಡಿಕಲ್ ಸ್ಟೋರಿನ 5 ಇಂಚಿನ ಫೋರ್ಸೆಪ್ಸ್ ತಗೊಳ್ಳಿ, ಇಕ್ಕಳಕ್ಕಿಂತ ಹಗುರ.

ರಾಗಿ ಹಿಟ್ಟು ಹಸಿಯಾಗಿ ಕಲಸಬೇಡಿ, ಅದರಲ್ಲಿ ಅಂಟಿಲ್ಲ, ನೀರಿಗೆ ಬಿದ್ದ ತಕ್ಷಣ ಕರಗುತ್ತೆ. ಗಟ್ಟಿ ಮುದ್ದೆ ತಿರುವಿ ಒಯ್ಯಬಹುದು, ಆದ್ರೆ ಬೇಸಿಗೇಲಿ ಸಂಜೆಗೆ ಹಳಸುತ್ತೆ. ಒಣದಾಗಿ ಮೈದಾ ಎರಡು ಪಾಲು, ಕಡಲೆಕಾಯಿ ಹಿಂಡಿ ಪುಡಿ ಒಂದು ಪಾಲು, ಒಟ್ಟು 150 ಗ್ರಾಂ ಒಯ್ದು ದಡದಲ್ಲಿ ಕಲಸ್ಕೊಳ್ಳಿ. ಬೆರಳಿಗೆ ಅಂಟದ ಹದಕ್ಕೆ ಬಂದಾಗ ನೀರು ನಿಲ್ಲಿಸಿ.

ಕೆರೆ ಏರಿ:
ಕೈಗಾಳ ಒಪ್ಪಿದೆ, ಕಾಟ್ಲಾದಂಥ ದೊಡ್ಡ ಮೀನು ಕಚ್ಚೋವರೆಗೆ! ಬರಿಗೈಲಿ ದಾರ ಹಿಡಿದ್ರೆ ಬೆರಳು ಕೊಯ್ಯುತ್ತೆ. ಹತ್ತಿ ಕೈಗವಸು ಒಂದು ಜೊತೆ ಇರಲಿ.

ಬುತ್ತಿ ಗಂಟು:
ಇಬ್ಬರೂ ಗ್ರಾಂ ಲೆಕ್ಕದಲ್ಲಿದ್ದೀರ. ನಿಜವಾದ ಭಾರ ನೀರು. ತಲೆಗೆ 2 ಲೀಟರ್ ಅಂದ್ರೆ 2 ಕೆಜಿ, ಬೆಟ್ಟಕ್ಕೆ ಅದನ್ನ ಕಡಿಮೆ ಮಾಡೋ ಹಾಗಿಲ್ಲ. 20 ಲೀಟರ್ ಬ್ಯಾಗಲ್ಲಿ ನೀರು ಬೆನ್ನಿಗೆ ಒತ್ತಿಕೊಂಡಿರಲಿ, ಗಾಳದ ಡಬ್ಬಿ ಮೇಲಿನ ಜೇಬಿಗೆ. ಬುತ್ತಿಗೆ ಪುಳಿಯೋಗರೆ ಒಳ್ಳೇದು, ಮೊಸರನ್ನ ಹುಳಿ ಬರುತ್ತೆ. ಬಂಡೆ ಕಾಯೋ ಮುಂಚೆ ಇಳಿದು, 4 ಗಂಟೆ ಮೇಲೆ ದಾರ ಬಿಡಿ.

ಮೀನಿಗೆ ಐಸ್ ಡಬ್ಬಿ ಬೇಡ. ಬೇಗ ಕೆಡೋದು ಕರುಳು, ಕಿವಿರು. ಎರಡನ್ನೂ ದಡದಿಂದ ದೂರ ತೆಗೆದು ಹೂತುಬಿಡಿ. ಮೀನನ್ನ ಒದ್ದೆ ಹತ್ತಿ ಬಟ್ಟೇಲಿ ಸುತ್ತಿ ನೆರಳಲ್ಲಿ ಗಾಳಿಗಿಡಿ, ನೀರು ಆರ್ತಾ ಇದ್ರೆ ತಂಪಿರುತ್ತೆ. ಪ್ಲಾಸ್ಟಿಕ್ ಕವರ್ ಬಸ್ ಹತ್ತುವಾಗ ಮಾತ್ರ, ಕಂಡಕ್ಟರ್ ಬೈಯ್ಯದ ಹಾಗೆ ಎರಡು ಸುತ್ತು.